ಸೀಟಿನ ಮೇಲಿನ ಮುಚ್ಚಳ

ಜನವರಿ 9
(ಇದನ್ನು ಅಂಚೆಗೆ ಹಾಕಲಿಲ್ಲ)

ಚಿಕ್ಕಪ್ಪ,

ಇಪ್ಪತ್ತೆರಡು ವರ್ಷಗಳಿಂದ ನಿಮಗೆ ಒಂದು ಮಾತು ಹೇಳಬೇಕಾಗಿದೆ. ಮೊದಲೇ ಹೇಳಿಬಿಟ್ಟರೆ ಉಳಿದದ್ದು ಸುಲಭವಾಗಬಹುದು. ಆ ಮುಚ್ಚಳವನ್ನು ಹಾಕಿದ್ದು ನಾನು.

ನಮ್ಮ ಬಾವಿಯ ಗಡಸು ನೀರು ನಿಂತರೆ ಒಳಗೆಲ್ಲ ಕಿಟ್ಟ ಕಟ್ಟುತ್ತದೆ ಎಂದು, ಕೆಲಸವಿಲ್ಲದ ದಿನಗಳಲ್ಲಿ ನೀವೂ ಅಪ್ಪನೂ ಟ್ರ್ಯಾಕ್ಟರಿನ ರೇಡಿಯೇಟರಿನಿಂದ ನೀರು ಇಳಿಸಿಡುತ್ತಿದ್ದಿರಿ. ನೀರು ಇಳಿಸಿದವರು ರೇಡಿಯೇಟರಿನ ಮುಚ್ಚಳವನ್ನು ತಂದು ಡ್ರೈವರ್ ಸೀಟಿನ ಮೇಲೆ ಇಡಬೇಕು. ಮುಂದೆ ಹತ್ತುವವರು ಅದನ್ನು ಕಂಡು, ನೀರು ತುಂಬಿಸಿ, ಮುಚ್ಚಳ ಹಾಕಿ, ಆಮೇಲೆ ಸ್ಟಾರ್ಟ್ ಮಾಡಬೇಕು. ಅಣ್ಣ ತಮ್ಮಂದಿರು ಮಾತು ಕಡಿಮೆ ಆಡುವವರು. ನಿಮ್ಮಿಬ್ಬರ ಪರವಾಗಿ ಆ ಮುಚ್ಚಳವೇ ಮಾತಾಡುತ್ತಿತ್ತು. ಇದೊಂದೂ ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ಓದುತ್ತ ಕೂರಲು ತಂಪಾದ ಜಾಗ ಹುಡುಕಿಕೊಂಡು ಶೆಡ್ಡಿಗೆ ಹೋದೆ. ಸೀಟಿನ ಮೇಲೆ ಮುಚ್ಚಳ ಬಿದ್ದಿತ್ತು. ಯಾರೋ ಮರೆತಿದ್ದಾರೆ ಎಂದುಕೊಂಡು ಅದನ್ನು ಅದರ ಜಾಗದಲ್ಲಿಟ್ಟು ಬಿಗಿಯಾಗಿ ತಿರುಗಿಸಿದೆ. ಮನೆಗೆ ಒಂದು ಉಪಕಾರ ಮಾಡಿದೆ ಎಂಬ ಸಣ್ಣ ಹೆಮ್ಮೆಯೂ ಆಯಿತು.

ಮರುದಿನ ಬೆಳಿಗ್ಗೆ ನೀವು ಹತ್ತಿದಿರಿ. ಸೀಟು ಖಾಲಿ, ಮುಚ್ಚಳ ಜಾಗದಲ್ಲಿ. ನೀರಿದೆ ಎಂದೇ ಅರ್ಥ. ಹೊಲದ ನಡುವೆ ಇಂಜಿನ್ ಕಾದು ಹಿಡಿದುಕೊಂಡು ನಿಂತೇಹೋಯಿತು. ಮುಚ್ಚಳ ಸೀಟಿನ ಮೇಲೇ ಇಟ್ಟಿದ್ದೆ, ನೀನೇ ನೋಡದೆ ಹಾಕಿಕೊಂಡು ಈಗ ಸುಳ್ಳು ಹೇಳುತ್ತೀಯ ಎಂದರು ಅಪ್ಪ. ಸೀಟಿನ ಮೇಲೆ ಏನೂ ಇರಲಿಲ್ಲ, ಸುಳ್ಳು ಹೇಳುತ್ತಿರುವುದು ನೀನು ಎಂದಿರಿ ನೀವು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಎರಡನೆಯ ಸಲ ಮುಚ್ಚಳ ಎಂಬ ಮಾತು ಬಂದಾಗಲೇ ನನಗೆ ಎಲ್ಲ ತಿಳಿಯಿತು. ಇಬ್ಬರ ಸಿಟ್ಟೂ ಇಳಿಯಲಿ, ನಾಳೆ ಹೇಳೋಣ ಎಂದುಕೊಂಡೆ. ಸಂಜೆ ನೀವು ಚೀಲ ಹಿಡಿದು ಹೊರಟುಹೋದಿರಿ.

ಇಷ್ಟು ಬರೆದ ಮೇಲೆ ಇದನ್ನು ನಿಮಗೆ ಕಳಿಸಲಾರೆ ಎಂದು…

ಜನವರಿ 10

ಚಿಕ್ಕಪ್ಪನವರಿಗೆ,

ಹೋದ ಜೂನಿನಲ್ಲಿ ಅಪ್ಪ ತೀರಿಕೊಂಡಾಗ ಬರೆದಿದ್ದೆ. ಉತ್ತರ ಬರಲಿಲ್ಲ. ಅದನ್ನು ದೂರೆಂದು ತಿಳಿಯಬೇಡಿ.

ಈಗ ಬರೆಯುತ್ತಿರುವುದು ಟ್ರ್ಯಾಕ್ಟರಿನ ಬಗ್ಗೆ. ನೀವು ಹೋದಂದಿನಿಂದ ಅದು ಶೆಡ್ಡಿನಲ್ಲೇ ಇದೆ. ಅಪ್ಪ ಇನ್ನೊಂದು ಕೊಳ್ಳಲಿಲ್ಲ. ಬೇರೆಯವರಿಂದ ಉಳುಮೆ ಮಾಡಿಸಿದರು. ಈಗ ಹೊಲವನ್ನು ಪಕ್ಕದವರಿಗೆ ಗುತ್ತಿಗೆಗೆ ಕೊಟ್ಟಿದ್ದೇನೆ. ಜೂನ್ ಕೊನೆಯೊಳಗೆ ಶೆಡ್ಡು ಖಾಲಿ ಮಾಡಿಕೊಡಬೇಕು. ಗುಜರಿಯವರು ಬಂದರೆ ಗ್ಯಾಸ್ ಕಟರಿನಲ್ಲಿ ತುಂಡು ಮಾಡಿ ಒಂದೇ ದಿನದಲ್ಲಿ ಸಾಗಿಸುತ್ತಾರೆ ಎಂದು ಪಕ್ಕದವರು ಹೇಳಿದರು. ಅದು ನನಗೆ ಬೇಡ. ಅದು ಅಲ್ಲಿಂದ ತನ್ನ ಚಕ್ರದ ಮೇಲೆಯೇ ಹೊರಗೆ ಬರಬೇಕು. ಅದರ ಕೈಪಿಡಿ ಮತ್ತೆ ಓದಿದೆ. ಇಂಗ್ಲಿಷು ಅರ್ಥವಾಯಿತು, ಇಂಜಿನ್ ಅರ್ಥವಾಗಲಿಲ್ಲ.

ನೀವಿರುವ ವರ್ಕ್‌ಶಾಪಿಗೆ ಫೋನು ಮಾಡಿದ್ದೆ. ಮಾಲೀಕರು ಮಾತಾಡಿದರು. ಜನರೇಟರುಗಳ ನಡುವೆ ಇದ್ದು ಇದ್ದು ನಿಮ್ಮ ಎರಡು ಕಿವಿಯೂ ಹೋಗಿವೆಯಂತೆ. ಕಾಗದ ಬರೆಯಿರಿ, ಕಣ್ಣು ಚೆನ್ನಾಗಿದೆ ಎಂದರು.

ನಾನು ಪೇಟೆಯ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಮಾತ್ರ ಶೆಡ್ಡಿಗೆ ಬರಲು ಆಗುತ್ತದೆ. ಎಲ್ಲಿಂದ ಶುರು ಮಾಡಬೇಕು ಎಂದು ಎರಡು ಸಾಲು ಬರೆದರೆ ಸಾಕು.

ನಿಮ್ಮ ಅಣ್ಣನ ಮಗಳು

ಜನವರಿ 27

ಅಣ್ಣನ ಮಗಳಿಗೆ,

ಸ್ಟಾರ್ಟ್ ಮಾಡಲು ಹೋಗಬೇಡ. ಬ್ಯಾಟರಿ ತಂದಿದ್ದರೆ ವಾಪಸ್ ಕೊಡು. ಇಪ್ಪತ್ತೆರಡು ವರ್ಷ ಮಲಗಿದ ಇಂಜಿನ್ನನ್ನು ಜುಟ್ಟು ಹಿಡಿದು ಎಬ್ಬಿಸಿದರೆ ಒಳಗೆ ಇರುವುದೂ ಮುರಿಯುತ್ತದೆ.

ಮೊದಲು ಹಳೇ ಡೀಸೆಲ್ ಪೂರ್ತಿ ಇಳಿಸು. ಅದು ಈಗ ಡೀಸೆಲ್ ಅಲ್ಲ, ಅಂಟು. ಟ್ಯಾಂಕು ಕಳಚಿ ತೊಳಿ. ಆಮೇಲೆ ಇಂಜಿನ್ನಿನ ಎಣ್ಣೆ ಇಳಿಸು. ಎಣ್ಣೆಗಿಂತ ಮುಂಚೆ ನೀರು ಬಂದರೆ ಎಷ್ಟು ಬಂತು ಬರಿ. ಇಂಜಿನ್ನಿನ ತಲೆಯ ಮೇಲೆ ಡೀಸೆಲ್ ಚಿಮ್ಮಿಸುವ ಮೂರು ಇಂಜೆಕ್ಟರ್ ಇವೆ. ಬಿಚ್ಚಿ, ಮೂರು ತೂತಿಗೂ ಅರ್ಧ ಡೀಸೆಲ್ ಅರ್ಧ ಎಣ್ಣೆ ಕಲಸಿ ಒಂದೊಂದು ಲೋಟ ಹೊಯ್ಯಿ. ಹತ್ತು ದಿನ ಮುಟ್ಟಬೇಡ. ಹತ್ತು ದಿನ ಎಂದರೆ ಹತ್ತು ದಿನ.

ಆಮೇಲೆ ಮುಂದೆ ಬೆಲ್ಟ್ ಸುತ್ತುವ ಪುಲ್ಲಿಯ ನಟ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ಹಿಂದಕ್ಕೆ ಮುಂದಕ್ಕೆ ಆಡಿಸು. ಜೋರು ಬೇಡ. ನಿಮ್ಮಪ್ಪನ ಮೊಂಡುತನ ಅಲ್ಲಿ ನಡೆಯುವುದಿಲ್ಲ. ಅಲುಗಿದರೆ ಯಾವ ಸದ್ದು ಬಂತು ಎಂದು ಸರಿಯಾಗಿ ಕೇಳಿಸಿಕೊಂಡು ಬರಿ. ನನಗೆ ಕೇಳಿಸುವುದಿಲ್ಲ. ಇಲ್ಲಿ ಸ್ಕ್ರೂಡ್ರೈವರ್ ತುದಿ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ದವಡೆಗೆ ಒತ್ತಿ ತಿಳಿದುಕೊಳ್ಳುತ್ತೇನೆ. ಅಷ್ಟು ಉದ್ದದ ಸ್ಕ್ರೂಡ್ರೈವರ್ ಇಲ್ಲವಲ್ಲ, ಅಲ್ಲಿಗೆ ಮುಟ್ಟುವಂಥದ್ದು.

ನಿನ್ನಪ್ಪನ ಸುದ್ದಿಯ ಕಾಗದ ಬಂದಿತ್ತು. ಅದರ ಬಗ್ಗೆ ಬರೆಯುವುದು ಏನೂ ಇಲ್ಲ.

ಚಿಕ್ಕಪ್ಪ

ಫೆಬ್ರವರಿ 16

ಚಿಕ್ಕಪ್ಪನವರಿಗೆ,

ನೀವು ಹೇಳಿದ ಹಾಗೆಯೇ ಮಾಡಿದೆ. ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವವರೊಬ್ಬರು ಭಾನುವಾರಗಳಲ್ಲಿ ಕೈಜೋಡಿಸುತ್ತಿದ್ದಾರೆ. ಮೊದಲ ದಿನ ಅವರು ಬಾನೆಟ್ ಎತ್ತಿ ಒಳಗೆ ನೋಡಿ ಹೇಳಿದರು: “ಇದು ನಿದ್ದೆ ಅಲ್ಲಕ್ಕಾ, ಮುನಿಸು. ನಿದ್ದೆ ಆಗಿದ್ರೆ ಒಂದು ತಟ್ಟಿದ್ರೆ ಏಳ್ತಿತ್ತು.”

ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಗೋಣಿನಾರು, ಹತ್ತಿ, ಯಾರದೋ ಸ್ವೆಟರಿನ ನೀಲಿ ಉಣ್ಣೆ. ಈಗ ಅಲ್ಲಿ ಯಾರೂ ವಾಸವಿಲ್ಲ. ಡೀಸೆಲ್ ಜೇನುತುಪ್ಪದ ಹಾಗೆ ಇಳಿಯಿತು, ವಾಸನೆ ಮಾತ್ರ ವಾರ್ನಿಷಿನದು. ಎಣ್ಣೆಗಿಂತ ಮೊದಲು ಕಾಲು ಲೋಟದಷ್ಟು ನೀರು ಬಂತು. ಲ್ಯಾಬಿನ ಅಭ್ಯಾಸದಿಂದ ಅಳೆದು ನೋಡಿದೆ. ಎಣ್ಣೆಯ ಬಣ್ಣ ಕಪ್ಪು, ಹಾಲು ಬೆರೆತಂತೆ ಇರಲಿಲ್ಲ.

ಹತ್ತು ದಿನ ಎಂದಿದ್ದಿರಿ, ಭಾನುವಾರಕ್ಕೆ ಸರಿಹೊಂದಬೇಕೆಂದು ಹದಿನಾಲ್ಕು ದಿನ ಬಿಟ್ಟೆ. ನಿನ್ನೆ ಸ್ಪ್ಯಾನರ್ ಹಾಕಿದೆವು. ಮೊದಲು ಏನೂ ಆಗಲಿಲ್ಲ. ಪಂಪಿನವರು ಸ್ಪ್ಯಾನರಿಗೆ ಒಂದು ಕೊಳವೆ ಸಿಕ್ಕಿಸಿ ಉದ್ದ ಮಾಡಿದರು. ನಾನು ಹಿಂದಕ್ಕೆ, ಅವರು ಮುಂದಕ್ಕೆ. ಸುಮಾರು ಒಂದು ಗಂಟೆಯ ಮೇಲೆ ಒಂದು ಸದ್ದು ಬಂತು, ಪುಲ್ಲಿ ಎರಡು ಬೆರಳಿನಷ್ಟು ತಿರುಗಿತು. ಅವರು ಕೈಯೊರೆಸಿಕೊಂಡು ಹೊರಗೆ ಹೋಗಿ ಬೀಡಿ ಹಚ್ಚಿದರು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಕೂತಾಗ ಶೆಡ್ಡಿನ ಗೋಡೆ ನೋಡಿದೆ. ನಿಮ್ಮ ಸ್ಪ್ಯಾನರುಗಳಿಗೆಂದು ನೀವು ಹೊಡೆದ ಮೊಳೆಗಳು, ಪ್ರತಿಯೊಂದರ ಸುತ್ತ ಆಯಾ ಸ್ಪ್ಯಾನರಿನ ಆಕಾರದ ಬಣ್ಣದ ಗೆರೆ. ಸ್ಪ್ಯಾನರುಗಳು ಎಲ್ಲವೂ ಅವುಗಳ ಜಾಗದಲ್ಲೇ ಇವೆ. ನೀವು ಯಾವುದನ್ನೂ ಒಯ್ದಿರಲಿಲ್ಲ ಎಂದು ನನಗೆ ತಿಳಿದದ್ದು ಈಗ.

ಅಣ್ಣನ ಮಗಳು

ಮಾರ್ಚ್ 2

ಅಣ್ಣನ ಮಗಳಿಗೆ,

ಎರಡು ಬೆರಳಿನಷ್ಟು ತಿರುಗಿತೆಂದರೆ ಕೈಯಷ್ಟೂ ತಿರುಗುತ್ತದೆ. ಒಳ್ಳೆಯ ಸುದ್ದಿ.

ಆದರೆ ‘ಒಂದು ಸದ್ದು ಬಂತು’ ಎಂದು ಬರೆದಿದ್ದೀಯ. ಮದುವೆ ಮನೆಯಲ್ಲೂ ಸದ್ದು ಬರುತ್ತದೆ. ಇಷ್ಟು ಓದಿ ಏನು ಬಂತು? ಕಿರ್ ಎಂದಿತೋ, ಟಕ್ ಎಂದಿತೋ, ಲಟಕ್ ಎಂದಿತೋ? ಈಗಲೇ ಕಲಿತುಕೋ, ಮುಂದೆ ಬೇಕಾಗುತ್ತದೆ. ಮೇಲಿಂದ ತೆಳ್ಳಗೆ ಟಿಕಟಿಕ ಎಂದರೆ ವಾಲ್ವು, ಹೆದರಬೇಡ. ನಡುವೆ ಕಟಕಟ ಎಂದರೆ ಪಿಸ್ಟನ್ನು, ಸ್ವಲ್ಪ ಹೆದರು. ಹೊಟ್ಟೆಯೊಳಗಿಂದ ಗೊಟಗೊಟ ಎಂದರೆ ಬೇರಿಂಗು, ಕೂಡಲೇ ಆಫ್ ಮಾಡು.

ನೀರಿಲ್ಲದೆ ಕಾದ ಇಂಜಿನ್ ಅದು. ಮೇಲಿನ ಹೆಡ್ಡು ಸೊಟ್ಟಗಾಗಿರುತ್ತದೆ. ಕಳಚಿ ಲೇತಿನವರಿಗೆ ಕೊಟ್ಟು ಸಮ ಮಾಡಿಸು. ಅದರ ಕೆಳಗೆ ಹಾಸುವ ಗ್ಯಾಸ್ಕೆಟ್ ಹೊಸದು ಹಾಕಿಸು. ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಮಾಡಬೇಕು. ಒಂದೇ ಸಲ ಬಿಗಿದರೆ ಮತ್ತೆ ಸೊಟ್ಟ.

ಒಂದು ಮಾತು ಕೇಳಬಾರದು ಎಂದುಕೊಂಡಿದ್ದೆ. ಕಾಗದದಲ್ಲಿ ಜಾಗ ಉಳಿದಿದೆ, ಕೇಳುತ್ತೇನೆ. ಆ ಮುಚ್ಚಳದ ವಿಷಯ ನಿನಗೂ ಗೊತ್ತಿರಬೇಕು. ಸೀಟಿನ ಮೇಲೆ ಇಟ್ಟಿದ್ದೆ ಅಂತ ನಿಮ್ಮಪ್ಪ ಹೇಳಿದ್ದು ಸುಳ್ಳು. ಅದನ್ನು ಅವನು ಯಾವತ್ತಾದರೂ ಒಪ್ಪಿಕೊಂಡನೇ? ಯಾರ ಹತ್ತಿರವಾದರೂ ಸರಿ.

ಚಿಕ್ಕಪ್ಪ

ಮಾರ್ಚ್ 9

ಚಿಕ್ಕಪ್ಪನವರಿಗೆ,

ಪಂಪಿನವರನ್ನು ಕೇಳಿ, ನಾನೂ ನೆನೆಸಿಕೊಂಡು ನೋಡಿದೆ. ಮೊದಲು ಸಣ್ಣಗೆ ಕಿರ್ರ್, ಕೊನೆಗೆ ಒಂದು ಲಟಕ್. ಒಣ ಕಟ್ಟಿಗೆ ಮುರಿದಂತೆ. ನನ್ನ ಶಾಲೆಯಲ್ಲಿ ಸದ್ದಿಗೆ ಗಲಾಟೆ ಎಂಬ ಒಂದೇ ಹೆಸರು ಕಲಿಸಿದರು, ಅದನ್ನು ಮಾಡಬಾರದು ಎಂದೂ ಕಲಿಸಿದರು.

ಹೆಡ್ಡು ಕಳಚಿದೆವು. ನೀವು ಹೇಳಿದಂತೆ ಸೊಟ್ಟಗಾಗಿತ್ತು. ಗ್ಯಾಸ್ಕೆಟ್ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ ಸುಟ್ಟು ಇದ್ದಿಲಾಗಿತ್ತು. ಲೇತಿನ ಅಂಗಡಿಯವರು ಇದನ್ನು ಓಡಿಸಿದ ಪುಣ್ಯಾತ್ಮ ಯಾರು ಎಂದು ಕೇಳಿದರು. ನಾನು ಯಾವಾಗ ಸಿಗುತ್ತದೆ ಎಂದು ಕೇಳಿದೆ. ಹೆಡ್ಡು ಮುಂದಿನ ವಾರ ಸಿಗುತ್ತದೆ.

ನೀವು ಕೇಳಿದ್ದಕ್ಕೆ. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಅಪ್ಪ ತಾವಾಗಿಯೇ, “ಆವತ್ತು ಮುಚ್ಚಳ ಇಡೋದು ನಾನೇ ಮರೆತಿದ್ನೋ ಏನೋ” ಎಂದರು. ಅಷ್ಟೇ ಹೇಳಿದ್ದು.

ನಿಮ್ಮ ಅಣ್ಣನ ಮಗಳು

ಮಾರ್ಚ್ 9, ಸಂಜೆ
(ಇದನ್ನೂ ಹಾಕಲಿಲ್ಲ)

ಚಿಕ್ಕಪ್ಪ,

ಬೆಳಿಗ್ಗೆ ಹಾಕಿದ ಕಾಗದದ ಕೊನೆಯ ಮಾತು ಸುಳ್ಳು. ಅಪ್ಪ ಹಾಗೆ ಹೇಳಲಿಲ್ಲ. ನಿಮಗೆ ಸಮಾಧಾನವಾಗಲಿ ಎಂದು ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಚೆ ಡಬ್ಬಿಯ ಬಾಯಿಗೆ ಕಾಗದ ಬಿಟ್ಟ ಕೂಡಲೇ ಗೊತ್ತಾಯಿತು, ನಾನು ಕಾಪಾಡಿಕೊಂಡದ್ದು ನನ್ನನ್ನು. ಸತ್ತವರು ಎದ್ದು ಬಂದು ಅಲ್ಲ ಎನ್ನುವುದಿಲ್ಲವಲ್ಲ. ಮತ್ತೆ ಅದೇ ಕೆಲಸ ಮಾಡಿದೆ. ಎಲ್ಲೋ ಬಿದ್ದದ್ದನ್ನು ಎತ್ತಿ, ಅದರ ಜಾಗ ಇದೇ ಎಂದು ನಾನೇ ತೀರ್ಮಾನಿಸಿ, ಬಿಗಿಯಾಗಿ ತಿರುಗಿಸಿದೆ.

ಮಾರ್ಚ್ 23

ಕನ್ನಡಕ,

ಮರೆತಿರಲಿಲ್ಲ ನೋಡು. ನಿನಗೆ ನಾನಿಟ್ಟ ಹೆಸರು. ಏಳನೇ ವಯಸ್ಸಿಗೆ ಆ ಸೋಡಾ ಗಾಜು ಹಾಕಿಕೊಂಡು ಹೊಲದ ಬದುವಿನಲ್ಲಿ ಪುಸ್ತಕ ಹಿಡಿದು ನಡೆದು ಕಾಲುವೆಗೆ ಬಿದ್ದವಳು ನೀನು. ಎತ್ತಿದವನು ನಾನು. ನೀನು ಮೊದಲು ಕೇಳಿದ್ದು ಪುಸ್ತಕ ಎಲ್ಲಿ ಅಂತ.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ದಿನಕ್ಕೆರಡು ಸಲ ಓದುತ್ತಿದ್ದೇನೆ. ಮಾಲೀಕರಿಗೂ ತೋರಿಸಿದೆ. ಏನಿದು ಮುಚ್ಚಳ ಎಂದು ಚೀಟಿಯಲ್ಲಿ ಬರೆದು ಕೇಳಿದರು. ಅವರಿಗೆ ಏನು ಗೊತ್ತು. ನಮ್ಮಣ್ಣ ಒಪ್ಪಿಕೊಂಡ ಸ್ವಾಮೀ ಅಂದೆ. ಕೂಗಿ ಹೇಳಿದೆ ಎಂದು ಕಾಣುತ್ತದೆ, ವರ್ಕ್‌ಶಾಪಿನವರೆಲ್ಲ ತಿರುಗಿ ನೋಡಿದರು.

ಇಷ್ಟು ವರ್ಷ ಒಂದೊಂದು ಸಲ ನನಗೇ ಅನುಮಾನ ಬರುತ್ತಿತ್ತು. ಮುಚ್ಚಳ ಸೀಟಿನ ಮೇಲೆ ಇತ್ತೇನೋ, ನಾನೇ ಮಂಪರಿನಲ್ಲಿ ತೆಗೆದು ಹಾಕಿದೆನೇನೋ ಅಂತ. ಆ ಬೆಳಿಗ್ಗೆಯನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೆ ಎಂದರೆ ಅದು ಸವೆದುಹೋಗಿತ್ತು. ಈಗ ಗೊತ್ತಾಯಿತು, ನನ್ನ ಕಣ್ಣು ಸರಿ ಇತ್ತು. ಅವನು ಬದುಕಿದ್ದಾಗ ಒಂದು ಸಾಲು ನನಗೆ ಬರೆದಿದ್ದರೆ ಆಗುತ್ತಿತ್ತು. ಆದರೂ ಹೋಗಲಿ. ಮನುಷ್ಯ ಮರೆಯುತ್ತಾನೆ. ನಾನು ಅವನನ್ನು ಕ್ಷಮಿಸಿಬಿಟ್ಟೆ.

ಹೆಡ್ಡು ಕೂರಿಸಿದ ಮೇಲೆ ಡೀಸೆಲ್ ದಾರಿಯಲ್ಲಿ ಗಾಳಿ ತೆಗೆಯಬೇಕು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಡೀಸೆಲ್ ಪಂಪಿನ ಸಣ್ಣ ಹಿಡಿಯನ್ನು ಒತ್ತುತ್ತಾ ಇರು. ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡು. ಗಾಳಿ ಒಂದು ಗುಳ್ಳೆ ಉಳಿದರೂ ಸ್ಟಾರ್ಟ್ ಆಗುವುದಿಲ್ಲ. ನೀರು ತುಂಬಿಸುವುದನ್ನು ನಾನು ಹೇಳಬೇಕಾಗಿಲ್ಲ.

ನಿನ್ನ ಚಿಕ್ಕಪ್ಪ

ಏಪ್ರಿಲ್ 12

ಚಿಕ್ಕಪ್ಪ,

ಇಂದು ಸ್ಟಾರ್ಟ್ ಆಯಿತು.

ಸದ್ದನ್ನು ಬರೆಯುತ್ತೇನೆ. ಮೊದಲ ಹತ್ತು ಸಲ ಬರೀ ಗುಂಯ್ ಗುಂಯ್, ಬ್ಯಾಟರಿಯ ನರಳಾಟ. ಮತ್ತೆ ಗಾಳಿ ತೆಗೆದೆವು. ಆಮೇಲೆ ಒಂದು ಡುಬ್. ಮೂಗಿನ ತುಂಬ ಬಿಳಿ ಹೊಗೆ. ಇನ್ನೊಂದು ಡುಬ್. ಪಂಪಿನವರು “ಬಿಡಬ್ಯಾಡ್ರಕ್ಕಾ, ಒತ್ಕೊಂಡೇ ಇರಿ” ಎಂದರು. ಡುಬ್ ಡುಬ್ ಎಂದು ಒಂದೇ ಸಿಲಿಂಡರ್ ಕುಂಟುತ್ತ ಹೋಗಿ, ಎರಡನೆಯದು ಸೇರಿಕೊಂಡಿತು, ಸ್ವಲ್ಪ ತಡೆದು ಮೂರನೆಯದು. ಆಮೇಲೆ ಡುಡುಡುಡು ಎಂದು ಒಂದೇ ಸಮ. ತಗಡಿನ ಛಾವಣಿಯಿಂದ ಧೂಳು ಉದುರಿತು. ಮೇಲೆ ಸಣ್ಣ ಟಿಕಟಿಕ ಇದೆ, ನೀವು ಹೇಳಿದ ವಾಲ್ವಿನದು. ಕಟಕಟ ಇಲ್ಲ. ಗೊಟಗೊಟ ಇಲ್ಲ. ಏಳು ನಿಮಿಷ ಓಡಿಸಿ ನಿಲ್ಲಿಸಿದೆ. ಹತ್ತಿರದಲ್ಲಿ ನಿಂತು ಕೇಳಲು ನೀವಿಲ್ಲ ಎನ್ನಿಸಿತು, ಇದ್ದಿದ್ದರೂ ನಿಮಗೆ ಕೇಳಿಸುತ್ತಿರಲಿಲ್ಲ ಎಂದು ಆಮೇಲೆ ಹೊಳೆಯಿತು. ನನಗೆ ಅಳು ಬಂದದ್ದು ಆಗ.

ನಿಮ್ಮ ಕನ್ನಡಕ

ಏಪ್ರಿಲ್ 24

ಕನ್ನಡಕ,

ಓದುತ್ತಾ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಮೂರನೇ ಸಿಲಿಂಡರ್ ಸೇರಿಕೊಂಡ ಸಾಲಿನಲ್ಲಿ ಮೇಜು ನಡುಗಿದಂತೆ ಆಯಿತು. ನಾನೇ ನಡುಗಿದ್ದಿರಬೇಕು.

ನಾನು ಬರುತ್ತಿದ್ದೇನೆ. ಮಾಲೀಕರು ಒಂದು ವಾರ ರಜೆ ಕೊಟ್ಟಿದ್ದಾರೆ. ಮೇ 11ರ ಬಸ್ಸಿಗೆ ಸೀಟು ಹಿಡಿಸಿದ್ದೇನೆ. ಕ್ಷೌರ ಮಾಡಿಸಿಕೊಂಡೆ. ಹೊಸ ಅಂಗಿ ಬೇಡ ಎಂದರೂ ಮಾಲೀಕರ ಮನೆಯಾಕೆ ಒಂದು ಕೊಟ್ಟಿದ್ದಾರೆ, ತೋಳು ಉದ್ದ.

ಮನೆಯಲ್ಲಿ ಅಣ್ಣನ ಫೋಟೋ ಇದೆಯಲ್ಲ? ಮೊದಲು ಅದರ ಮುಂದೆ ಒಂದು ನಿಮಿಷ ನಿಲ್ಲಬೇಕು. ನೀನು ಮರೆತದ್ದನ್ನು ನಾನು ಕ್ಷಮಿಸಿದ್ದೇನೆ ಎಂದು ಅವನಿಗೆ ಹೇಳಬೇಕು. ಆಮೇಲೆ ಟ್ರ್ಯಾಕ್ಟರ್.

ಚಿಕ್ಕಪ್ಪ

ಏಪ್ರಿಲ್ 28

ಚಿಕ್ಕಪ್ಪ,

ಈ ಕಾಗದ ಓದಿದ ಮೇಲೂ ನೀವು ಬರುವುದಾದರೆ ಬನ್ನಿ. ಓದುವ ಮೊದಲು ಬರಬೇಡಿ.

ಮುಚ್ಚಳವನ್ನು ಅಪ್ಪ ಸೀಟಿನ ಮೇಲೆ ಇಟ್ಟಿದ್ದರು. ಅವರು ಮರೆತಿರಲಿಲ್ಲ. ಅದನ್ನು ತೆಗೆದು ರೇಡಿಯೇಟರಿಗೆ ಹಾಕಿದವಳು ನಾನು. ಹಿಂದಿನ ದಿನ ಮಧ್ಯಾಹ್ನ, ಶೆಡ್ಡಿನಲ್ಲಿ ಓದಲು ಹೋದಾಗ. ನಿಮ್ಮಿಬ್ಬರ ಪದ್ಧತಿ ನನಗೆ ಗೊತ್ತಿರಲಿಲ್ಲ. ಮರುದಿನ ಜಗಳದ ಹೊತ್ತಿಗೆ ಗೊತ್ತಾಯಿತು, ನಾನು ಬಾಯಿ ಬಿಡಲಿಲ್ಲ. ಮೊದಲನೆಯದನ್ನು ತಪ್ಪು ಎನ್ನಬಹುದು. ಎರಡನೆಯದಕ್ಕೆ ಆ ಮಾತು ಸಾಲದು.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ವರ್ಷಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಅಪ್ಪನ ಹೆದರಿಕೆ ಎನ್ನೋಣವೆಂದರೆ ಅವರು ನನ್ನ ಮೇಲೆ ಕೈ ಎತ್ತಿದವರಲ್ಲ. ಮನೆಯಲ್ಲಿ ನಾನು ಬುದ್ಧಿವಂತೆ. ಓದಿದವಳು. ನಿಮ್ಮಿಬ್ಬರಿಗೂ ಕೈಪಿಡಿ ಓದಿ ಹೇಳುತ್ತಿದ್ದವಳು. ಇಂಥ ಕೆಲಸ ಮಾಡಿದವಳು ನಾನೇ ಎಂದು ಆ ಅಂಗಳದಲ್ಲಿ ಹೇಳುವುದು ಆಗಲಿಲ್ಲ. ಇಷ್ಟು ಸಣ್ಣ ಕಾರಣವೇ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸುತ್ತದೆ. ಇದಕ್ಕಿಂತ ದೊಡ್ಡದು ಹುಡುಕಿದೆ, ಸಿಗಲಿಲ್ಲ.

ಅಪ್ಪ ಕೊನೆಯಲ್ಲಿ ಒಪ್ಪಿಕೊಂಡರೆಂದು ಮಾರ್ಚಿನಲ್ಲಿ ಬರೆದೆನಲ್ಲ, ಅದನ್ನು ನಾನು ಕಟ್ಟಿದ್ದು. ನಿಮ್ಮ ಮುಂದಿನ ಕಾಗದ ಓದಿದಾಗಲೇ ತಿದ್ದಬೇಕಿತ್ತು. ನೀವು ಅಷ್ಟು ಖುಷಿಯಾಗಿದ್ದಿರಿ. ಕನ್ನಡಕ ಎಂದು ಕರೆದಿದ್ದಿರಿ. ಇನ್ನು ಸ್ವಲ್ಪ ದಿನ ಹಾಗೆ ಕರೆಸಿಕೊಳ್ಳೋಣ ಎಂದು ಸುಮ್ಮನಿದ್ದೆ. ಆದರೆ ನೀವು ಆ ಫೋಟೋದ ಮುಂದೆ ನಿಂತು, ಅವರು ಮಾಡದ ತಪ್ಪಿಗೆ ಅವರನ್ನು ಕ್ಷಮಿಸುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಲಾರೆ.

ನನ್ನನ್ನು ಕ್ಷಮಿಸಿ ಎಂದು ಬರೆಯುತ್ತಿಲ್ಲ. ಕೇಳುವ ಹಕ್ಕು ಯಾವಾಗ ಕಳೆದುಹೋಯಿತು ಎಂದು ಲೆಕ್ಕ ಹಾಕಲು ನೋಡಿದೆ. ಬಹುಶಃ ಆವತ್ತೇ ಸಂಜೆ, ನೀವು ಚೀಲ ಹಿಡಿದು ನನ್ನ ಮುಂದೆಯೇ ಹಾದುಹೋಗುತ್ತ, ಚೆನ್ನಾಗಿ ಓದು ಎಂದು ತಲೆ ಸವರಿದಿರಲ್ಲ, ಆಗ.

ನಿಮ್ಮ ಅಣ್ಣನ ಮಗಳು

ಆಗಸ್ಟ್ 30

ಅಣ್ಣನ ಮಗಳಿಗೆ,

ಮೇ ತಿಂಗಳಲ್ಲಿ ಬರಲಿಲ್ಲ. ಬಸ್ಸು ನಿಲ್ದಾಣದವರೆಗೆ ಹೋಗಿ ವಾಪಸ್ ಬಂದೆ. ಆ ಅಂಗಿ ಮಾಲೀಕರ ಮನೆಯಾಕೆಗೆ ಹಿಂದಕ್ಕೆ ಕೊಟ್ಟೆ.

ನಾಲ್ಕು ತಿಂಗಳು ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ನೋಡಿದೆ. ಬೇಕಾದಷ್ಟು ಬಂತು. ಇನ್ನೂ ಇದೆ. ಈಗ ಬರೆಯುತ್ತಿರುವುದು ಅದು ಇಳಿದಿದೆ ಎಂದಲ್ಲ.

ನೀನು ತಿಳಿದುಕೊಂಡಿರುವುದು ನನಗೆ ಮೋಸವಾಯಿತು, ನನ್ನನ್ನು ಸುಳ್ಳುಗಾರ ಮಾಡಿದರು, ಅದಕ್ಕೆ ನಾನು ಕೊರಗುತ್ತೇನೆ ಅಂತ. ಅದಲ್ಲ. ನನ್ನ ಮಾತು ನಿಜ ಎಂದು ನನಗೆ ಗೊತ್ತಿತ್ತು, ಅದನ್ನು ಹಿಡಿದುಕೊಂಡು ಬದುಕಿದೆ. ಅಣ್ಣ ಸುಳ್ಳುಗಾರ ಎನ್ನುವುದನ್ನು ಕಂಬದ ಹಾಗೆ ಒರಗಿಕೊಂಡು ಇಪ್ಪತ್ತೆರಡು ವರ್ಷ ಕೂತೆ. ಅವನು ಎರಡು ಸಲ ಕಾಗದ ಬರೆದಿದ್ದ. ಅದು ನಿನಗೆ ಗೊತ್ತಿಲ್ಲ ಎಂದು ಕಾಣುತ್ತದೆ. ಒಡೆಯದೆ ಒಲೆಗೆ ಹಾಕಿದೆ. ನೀನು ಸಾವಿನ ಸುದ್ದಿ ಬರೆದಾಗ, ಸುಳ್ಳುಗಾರನ ಹೆಣ ಹೊರಲು ಅಷ್ಟು ದೂರ ಯಾರು ಹೋಗುತ್ತಾರೆ ಎಂದುಕೊಂಡು, ಆ ದಿನ ಎರಡು ಜನರೇಟರ್ ಬಿಚ್ಚಿ ಜೋಡಿಸಿದೆ.

ಅವನು ಸುಳ್ಳು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಹಾಗಾದರೆ ನಾವು ಜಗಳ ಆಡಿದ್ದು ಯಾರ ಜೊತೆ? ಈಗ ನಾನು ಯಾರ ಹತ್ತಿರ ಹೋಗಿ ತಪ್ಪಾಯಿತು ಎನ್ನಲಿ?

ಒಂದೇ ಒಂದು ಕೇಳುತ್ತೇನೆ. ಒಂದು ಸಲ ನನಗೆ ಸುಳ್ಳು ಬರೆದಿದ್ದೀಯ, ಈ ಸಲ ಬೇಡ. ನನಗೆ ಹಿತವಾಗುತ್ತದೆಯೋ ಇಲ್ಲವೋ ನೋಡಬೇಡ. ಕೊನೆಯ ದಿನಗಳಲ್ಲಿ ಅಣ್ಣ ನನ್ನ ಬಗ್ಗೆ ಏನು ಹೇಳಿದ?

ಚಿಕ್ಕಪ್ಪ

ಸೆಪ್ಟೆಂಬರ್ 7

ಚಿಕ್ಕಪ್ಪ,

ಏನೂ ಹೇಳಲಿಲ್ಲ.

ನಾಲ್ಕು ದಿನ ಯೋಚಿಸಿ ಬರೆಯುತ್ತಿದ್ದೇನೆ, ಮರೆತದ್ದು ಏನಾದರೂ ಇರಬಹುದೇ ಎಂದು. ಕೊನೆಯ ಎರಡು ತಿಂಗಳು ನಾನು ಅವರ ಜೊತೆಗೇ ಇದ್ದೆ. ಮಾತು ಸ್ಪಷ್ಟವಾಗಿಯೇ ಇತ್ತು. ಕಿಟಕಿಯ ಚಿಲಕ ಸಡಿಲವಾಗಿದೆ ಎಂದು ಹೇಳುತ್ತಿದ್ದರು. ಹಾಲು ಬಿಸಿ ಇದೆ ಎನ್ನುತ್ತಿದ್ದರು. ಪಕ್ಕದವರ ಹೊಲದಲ್ಲಿ ಸಾಲುಗಳು ನೇರವಾಗಿಲ್ಲ ಎಂದು ಮಲಗಿದ್ದಲ್ಲಿಂದಲೇ ಬೈಯುತ್ತಿದ್ದರು. ನಿಮ್ಮ ಹೆಸರು ಒಂದು ಸಲವೂ ಬರಲಿಲ್ಲ. ಕೊನೆಯ ದಿನವೂ ಇಲ್ಲ. ಅವರು ನಿಮಗೆ ಕಾಗದ ಬರೆದಿದ್ದರು ಎಂದು ನನಗೆ ತಿಳಿದದ್ದು ನಿಮ್ಮಿಂದ. ಅದರಲ್ಲಿ ಏನಿತ್ತು ಎಂದು ಊಹಿಸಿ ಬರೆಯುವುದು ನನಗೆ ಸಲ್ಲದು.

ಬೇರೆ ಟ್ರ್ಯಾಕ್ಟರ್ ಕೊಳ್ಳಲಿಲ್ಲ, ಈ ಟ್ರ್ಯಾಕ್ಟರನ್ನು ಮಾರಲಿಲ್ಲ, ನಿಮ್ಮ ಸ್ಪ್ಯಾನರುಗಳನ್ನು ಬೇರೆ ಯಾರಿಗೂ ಕೊಡಲಿಲ್ಲ. ಇವನ್ನೆಲ್ಲ ಸೇರಿಸಿ ಒಂದು ಅರ್ಥ ಕಟ್ಟಿ ನಿಮಗೆ ಕಳಿಸಬಹುದು. ಕಟ್ಟಲು ನನಗೆ ಬರುತ್ತದೆ. ಆದರೆ ಅದು ಅವರ ಮಾತಾಗುವುದಿಲ್ಲ.

ಒಂದನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ. ನಾನು ಕೇಳಬಹುದಿತ್ತು. ಎಷ್ಟೋ ಮಧ್ಯಾಹ್ನ ಅವರ ಮಂಚದ ಪಕ್ಕ ಕೂತಿದ್ದೆ. ಚಿಕ್ಕಪ್ಪ ನೆನಪಾಗುತ್ತಾರಾ ಅಪ್ಪ ಎಂದು ಒಂದು ಮಾತು ಕೇಳಿದ್ದರೆ ಏನಾದರೂ ಹೇಳುತ್ತಿದ್ದರೇನೋ. ಕೇಳಲಿಲ್ಲ. ಕೇಳಿದರೆ ನಾನೂ ಹೇಳಬೇಕಾಗುತ್ತಿತ್ತು. ಅವರ ಬಾಯಲ್ಲಿ ನಿಮ್ಮ ಬಗ್ಗೆ ಇದ್ದದ್ದು ಏನೇ ಇರಲಿ, ಅದು ಹೊರಗೆ ಬರದಂತೆ ಅಡ್ಡ ಕೂತಿದ್ದವಳು ನಾನು.

ಜೂನ್ ಇಪ್ಪತ್ತೊಂದರಂದು ಟ್ರ್ಯಾಕ್ಟರನ್ನು ಶೆಡ್ಡಿನಿಂದ ಹೊರಗೆ ತಂದೆ, ನಾನೇ ಓಡಿಸಿಕೊಂಡು. ಶೆಡ್ಡಿನ ಜಾಗದಲ್ಲಿ ಈಗ ಪಕ್ಕದವರ ಗೊಬ್ಬರದ ಮೂಟೆಗಳಿವೆ. ಟ್ರ್ಯಾಕ್ಟರ್ ಮನೆಯ ಹಿಂದೆ ಟಾರ್ಪಾಲಿನ ಕೆಳಗೆ ನಿಂತಿದೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಹೊಟ್ಟೆಯೊಳಗಿಂದ ಗೊಟಗೊಟ ಎನ್ನಲು ಶುರುಮಾಡಿತು. ಕೂಡಲೇ ಆಫ್ ಮಾಡಿದೆ, ಆಮೇಲೆ ಮುಟ್ಟಿಲ್ಲ. ಅದಕ್ಕೆ ಏನು ಮಾಡಬೇಕು ಎಂದು ಕೇಳಲು ಇದನ್ನು ಬರೆದಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಮೊದಲ ಸಾಲಿನಲ್ಲಿದೆ. ಅದಕ್ಕೆ ಸೇರಿಸುವುದು ನನ್ನಲ್ಲಿ ಏನೂ ಇಲ್ಲ.

ನಿಮ್ಮ ಅಣ್ಣನ ಮಗಳು